ಟೀಸಿ ತಗೊಳ್ಳಲಾ ಚಿಕ್ಕಪ್ಪ?

ಇಲ್ಲಿ ಏನೂ ಬರೆಯದೆ ನಾಲ್ಕು ತಿಂಗಳಾಯ್ತು. ವಿಷಯ ಇರಲಿಲ್ಲ ಅಂತಲ್ಲ, ಬರೀ ಸೋಮಾರಿತನ. ಆದರೆ ಮೊನ್ನೆ ಊರಿಗೆ ಹೋಗಿ ಬಂದ ಮೇಲೆ ಬರೆಯದೇ ಇರೋಕೆ ಆಗ್ತಿಲ್ಲ. ಯಾಕಂದ್ರೆ ಈ ಸಲ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದು ನಾನೇ...

ನಮ್ಮೂರು ಪಿರಿಯಾಪಟ್ಟಣದ ಹತ್ತಿರ ಒಂದು ಸಣ್ಣ ಹಳ್ಳಿ. ಹೊಗೆಸೊಪ್ಪಿನ ಸೀಮೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕು ತಾಲ್ಲೂಕಲ್ಲಿ ಓಡಾಡಿದವರಿಗೆ ಹೊಲದ ಮಧ್ಯೆ ಎತ್ತರಕ್ಕೆ ನಿಂತಿರೋ ಬ್ಯಾರನ್‌ಗಳು ಗೊತ್ತಿರುತ್ತವೆ. ನಮ್ಮದೂ ಒಂದು ಬ್ಯಾರನ್ ಇದೆ. ಅಪ್ಪ ಹೋದ ಮೇಲೆ ಅಣ್ಣನೇ ನೋಡಿಕೊಳ್ಳೋದು. ನಾನು ಬೆಂಗಳೂರು ಸೇರಿದವನು. ಹಬ್ಬಕ್ಕೆ ಹೋಗಿ ಉಂಡು, ಅವರೆಕಾಯಿ, ತೆಂಗಿನಕಾಯಿ ಕಟ್ಟಿಸಿಕೊಂಡು ಬರೋ ಗಿರಾಕಿ.

ಈ ಸಲ ಹೋದಾಗ ನಾಟಿ ಮುಗಿದಿತ್ತು. ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತಿದ್ವಿ. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಶುರು ಮಾಡಿದ.

"ನೋಡು ಮಗ, ಇವ್ನು ಟೀಸಿ ತಗೊಂಡು ಬೆಂಗ್ಳೂರು ಕಾಲೇಜ್ಗೆ ಸೇರ್ಕತೀನಿ ಅಂತಾವ್ನೆ. ನಿನ್ನಂಗೇ ಆಗ್ಬೇಕಂತೆ. ಅದೇನೋ ಇನ್ವೆಸ್ಟ್‌ಮೆಂಟ್ ಬ್ಯಾಂಕಂತಲ್ಲ... ಬ್ಯಾರನ್ ಪಕ್ಕದ ಎಕ್ರೆ ಭೋಗ್ಯಕ್ಕೆ ಹಾಕ್ಬುಡ್ತೀನಿ. ನೀನು ಊಂ ಅಂದ್ರೆ ಸಾಕು."

ಅಣ್ಣನ ಮಗ ಹುಣಸೂರಿನ ಸರ್ಕಾರಿ ಕಾಲೇಜಲ್ಲಿ ಮೊದಲ ವರ್ಷದ ಬಿ.ಕಾಂ ಮುಗಿಸಿದ್ದಾನೆ. ಹಾಸ್ಟೆಲ್ಲಲ್ಲಿ ಸೀಟಿದೆ. ಓದೋದ್ರಲ್ಲಿ ಚುರುಕು, ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ತೊಂಬತ್ತರ ಮೇಲೆ. ಬಾಗಿಲ ಹತ್ತಿರ ನಿಂತುಕೊಂಡು ನನ್ನ ಮುಖಾನೇ ನೋಡ್ತಿದ್ದ.

"ಹೇಳಿ ಚಿಕ್ಕಪ್ಪ, ಟೀಸಿ ತಗೊಳ್ಳಲಾ?"

ಬೆಳಿಗ್ಗೆ ಹೇಳ್ತೀನಿ ಅಂದು ಮಲಗೋಕೆ ಹೋದೆ. ನಿದ್ದೆ ಎಲ್ಲಿಂದ ಬರಬೇಕು! ಎರಡು ವರ್ಷಕ್ಕೆ ಫೀಸು, ಪೀಜಿ, ಊಟ, ಓಡಾಟ ಎಲ್ಲ ಕೂಡಿದರೆ ಆರು ಲಕ್ಷದ ಹತ್ತಿರ ಬರುತ್ತಿತ್ತು. ಭೋಗ್ಯಕ್ಕೆ ಹೋದ ಜಮೀನು ವಾಪಸ್ ಬರೋ ಕತೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಈ ಹುಡುಗ ಯಾರನ್ನ ನೋಡಿ ಇಷ್ಟು ದೊಡ್ಡ ಆಸೆ ಇಟ್ಟುಕೊಂಡಿದ್ದಾನೋ ಆ ಇನ್ವೆಸ್ಟ್‌ಮೆಂಟ್ ಬ್ಯಾಂಕರ್ ನಾನಲ್ಲ!

ಇದನ್ನ ಇವತ್ತು ಇಲ್ಲಿ ಒಪ್ಪಿಕೊಂಡುಬಿಡ್ತೀನಿ. ಸುಮಾರು ಹದಿನೈದು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ ಯಾರೋ "ಏನ್ ಕೆಲ್ಸ?" ಅಂದರು. "ಇನ್ವೆಸ್ಟ್‌ಮೆಂಟ್ ಬ್ಯಾಂಕು" ಅಂದೆ. ಸುಳ್ಳಲ್ಲ, ಕಂಪನಿ ಅದೇ. ಆದರೆ ಆ ಲೆಕ್ಕದಲ್ಲಿ ನಮ್ಮ ಆಫೀಸಿನ ಗೇಟು ಕಾಯೋನೂ ಇನ್ವೆಸ್ಟ್‌ಮೆಂಟ್ ಬ್ಯಾಂಕೇ. ಅಮ್ಮ ಪಕ್ಕದಲ್ಲೇ ಇದ್ದಳು. "ನಮ್ ಮೈಸೂರು ಬ್ಯಾಂಕ್ ತರಾನೇನಪ್ಪಾ?" ಅಂದಳು. "ಅದಕ್ಕಿಂತ ದೊಡ್ಡದು ಕಣಮ್ಮ" ಅಂದಿದ್ದೆ. ಅವತ್ತಿಂದ ನಾನು ಊರಲ್ಲಿ ಮೈಸೂರು ಬ್ಯಾಂಕಿಗಿಂತ ದೊಡ್ಡವನು. (ಪಾಪ, 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯ್ತು. ನಾನು ಮಾತ್ರ ಹಾಗೇ ಉಳಿದೆ!)

ನನ್ನ ನಿಜವಾದ ಕೆಲಸ ಟ್ರೇಡ್ ಸೆಟಲ್‌ಮೆಂಟ್. ಎಲ್ಲೋ ಯಾರೋ ಷೇರು ಕೊಳ್ತಾರೆ, ಯಾರೋ ಮಾರ್ತಾರೆ. ದುಡ್ಡು ಈ ಕಡೆಗೂ ಷೇರು ಆ ಕಡೆಗೂ ಸರಿಯಾಗಿ ಹೋಯ್ತಾ ಅಂತ ನೋಡೋದು, ಲೆಕ್ಕ ತಾಳೆಯಾಗದಿದ್ರೆ ಮೇಲ್ ಮೇಲೆ ಮೇಲ್ ಹಾಕೋದು. 2023ರ ಜನವರಿಯಿಂದ ನಮ್ಮ ದೇಶದಲ್ಲೂ, 2024ರ ಮೇ ತಿಂಗಳಿಂದ ಅಮೆರಿಕದಲ್ಲೂ ವ್ಯವಹಾರ ಮಾರನೇ ದಿನಕ್ಕೇ ಚುಕ್ತಾ ಆಗಬೇಕು ಅಂತಾದ ಮೇಲೆ ನನ್ನ ರಾತ್ರಿ ಪಾಳಿ ಇನ್ನೂ ಬಿಗಿಯಾಗಿದೆ. ಮರ್ಯಾದೆಯ ಕೆಲಸ, ಮನೆ ನಡೀತಿದೆ. ಆದರೆ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಅನ್ನೋದು ಬೇರೆ.

ಅದು ಏನು ಅಂತ ಹುಡುಗನಿಗೆ ಬೆಳಿಗ್ಗೆ ತಿಂಡಿ ತಿನ್ನುವಾಗ ಎಲ್‌ಐಸಿ ಉದಾಹರಣೆ ಕೊಟ್ಟು ಹೇಳಿದೆ. ನಮ್ಮೂರಲ್ಲಿ ಎಲ್‌ಐಸಿ ಪಾಲಿಸಿ ಇಲ್ಲದ ಮನೆ ಇಲ್ಲ. 2022ರ ಮೇ ತಿಂಗಳಲ್ಲಿ ಸರ್ಕಾರ ಎಲ್‌ಐಸಿಯ ಮೂರೂವರೆ ಪರ್ಸೆಂಟ್ ಪಾಲನ್ನ ಜನರಿಗೆ ಮಾರಿ ಸುಮಾರು 21,000 ಕೋಟಿ ರೂಪಾಯಿ ಎತ್ತಿತು. ಒಂದು ಷೇರಿಗೆ ಎಷ್ಟು ಬೆಲೆ ಇಡಬೇಕು, ಯಾರು ಕೊಳ್ತಾರೆ, ಕಾಗದಪತ್ರ ಹೇಗಿರಬೇಕು ಇದನ್ನೆಲ್ಲ ನೋಡೋಕೆ ಹತ್ತು ಸಂಸ್ಥೆಗಳನ್ನ ನೇಮಿಸಿತ್ತು. ಕಂಪನಿಗೆ ದುಡ್ಡು ಎತ್ತಿಕೊಡೋದು, ಒಂದು ಕಂಪನಿ ಇನ್ನೊಂದನ್ನ ಕೊಳ್ಳುವಾಗ ಬೆಲೆ ಕಟ್ಟೋದು, ಅದಕ್ಕೆ ಫೀಸು ತಗೊಳ್ಳೋದು... ಅದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್. ಅಂಥ ಕೆಲಸ ಹೆಚ್ಚಾಗಿ ನಡೆಯೋದು ಮುಂಬೈನಲ್ಲಿ. ಬೆಂಗಳೂರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲೇ ಆಫೀಸು ತೆರೆದಿದೆ, ಬೇರೆ ದೊಡ್ಡ ಹೆಸರುಗಳೂ ಇವೆ. ಬೆಲೆ ಕಟ್ಟೋ ಕೆಲಸಕ್ಕೆ ಕೈಜೋಡಿಸೋ ಟೀಮುಗಳೂ ಅಲ್ಲಿವೆ. ಆದರೆ ಬಿ.ಕಾಂ ಮುಗಿಸಿ ನೇರವಾಗಿ ಒಳಗೆ ಹೋಗೋರಲ್ಲಿ ಹೆಚ್ಚಿನವರಿಗೆ, ನಾನು ನೋಡಿದ ಮಟ್ಟಿಗೆ, ಸಿಗೋದು ನನ್ನಂಥ ಕೆಲಸವೇ. ತಮಾಷೆ ಅಂದ್ರೆ ಆ ಕೆಲಸಕ್ಕೆ ಟೀಸಿ ಬೇಕಾಗಿಲ್ಲ. ನಮ್ಮ ಟೀಮಿನಲ್ಲಿ ಮಂಡ್ಯ, ಹಾಸನ, ಚಾಮರಾಜನಗರದ ಸರ್ಕಾರಿ ಕಾಲೇಜಲ್ಲಿ ಓದಿದವರು ಇದ್ದಾರೆ.

ಹುಡುಗ ದೋಸೆ ಮುರೀತಾ ಕೂತಿದ್ದ, ಬಾಯಿಗೆ ಇಡ್ತಿರಲಿಲ್ಲ.

"ಮತ್ತೆ ನೀವು ಟೀಸಿ ತಗೊಂಡು ಮೈಸೂರಿಗೆ ಹೋಗಿದ್ರಲ್ಲ?"

ಹೌದು, ಹೋಗಿದ್ದೆ. ಅದನ್ನೂ ಹೇಳಬೇಕಾಯ್ತು. ತೊಂಬತ್ತರ ದಶಕದ ಕೊನೆ. ಹುಣಸೂರಲ್ಲಿ ಒಂದು ವರ್ಷ ಓದಿ, ಎರಡನೇ ವರ್ಷಕ್ಕೆ ಟೀಸಿ ಕಿತ್ತುಕೊಂಡು ಮೈಸೂರಿನ ಒಂದು ದೊಡ್ಡ ಹೆಸರಿನ ಕಾಲೇಜಿಗೆ ಸೇರಿದೆ. ಎರಡೂ ಮೈಸೂರು ವಿಶ್ವವಿದ್ಯಾಲಯದವೇ, ಸಿಲಬಸ್ಸೂ ಒಂದೇ, ಆದ್ದರಿಂದ ಕಾಗದಪತ್ರದ ರಗಳೆ ಹೆಚ್ಚಿರಲಿಲ್ಲ. ಆದರೆ ಕ್ಲಾಸಿನಲ್ಲಿ ನಾನು ನಡುವೆ ಬಂದವನು. ಮೊದಲ ವರ್ಷದಲ್ಲೇ ಗೆಳೆಯರ ಗುಂಪುಗಳು ಆಗಿಹೋಗಿದ್ದವು. ಮೇಷ್ಟ್ರುಗಳಿಗೆ ಹೆಸರು ಗೊತ್ತಿಲ್ಲ. ಹುಣಸೂರಲ್ಲಿ ಅಕೌಂಟೆನ್ಸಿಗೆ ಮೊದಲನೆಯವನಾಗಿದ್ದವನು ಇಲ್ಲಿ ಇಂಗ್ಲಿಷಲ್ಲಿ ಡೌಟು ಕೇಳೋಕೆ ಹೆದರಿ ಕೊನೇ ಬೆಂಚು ಹಿಡಿದೆ. ಆ ವರ್ಷ ಅಂಕ ಕುಸಿದವು. ಕೊನೇ ವರ್ಷದಲ್ಲಿ ಒಂದು ಕಂಪನಿಯವರು ಬಂದಾಗ ಮೂರೂ ವರ್ಷ ಅರವತ್ತರ ಮೇಲಿದ್ದವರು ಮಾತ್ರ ಎದ್ದು ನಿಲ್ಲಿ ಅಂದರು. ನಾನು ಕೂತೇ ಇದ್ದೆ. ಯಾವ ಕಾಲೇಜಿಗಾಗಿ ಅಪ್ಪ ಎತ್ತು ಮಾರಿದ್ದರೋ ಆ ಕಾಲೇಜಲ್ಲೇ...

ಆಮೇಲೆ ಐದು ವರ್ಷ ಮೈಸೂರಿನ ಒಬ್ಬ ಆಡಿಟರ್ ಹತ್ತಿರ ವೋಚರ್ ಬರೆದೆ. ಬೆಂಗಳೂರಿಗೆ ಬಂದಿದ್ದು 2005ರಲ್ಲಿ, ಅದೂ ಮೈಸೂರಿನ ರೂಮ್‌ಮೇಟ್ ಒಬ್ಬ ಫೋನ್ ಮಾಡಿ ಕರೆದಿದ್ದಕ್ಕೆ.

ನನಗೆ ಆಗಲಿಲ್ಲ ಅಂತ ಯಾರಿಗೂ ಆಗಲ್ಲ ಅನ್ನೋದು ನ್ಯಾಯ ಅಲ್ಲ, ಗೊತ್ತು. ಹಾಗಾಗಿ ಅವತ್ತು ಅಣ್ಣನ ಜೊತೆ ಬ್ಯಾರನ್ ಕಡೆ ನಡೀತಾ ಇದನ್ನ ಅವನ ಲೆಕ್ಕದಲ್ಲೇ ಯೋಚನೆ ಮಾಡಿದ್ವಿ.

ಅಣ್ಣನೇ ಕೇಳಿದ: "ಕಟ್ಟೆಮಳಲವಾಡಿ ಪ್ಲಾಟ್‌ಫಾರಂ ಬುಟ್ಟು ಕಂಪಲಾಪುರಕ್ಕೆ ಬೇಲ್ ಒಯ್ದ್ರೆ ರೇಟ್ ಜಾಸ್ತಿ ಆಯ್ತದಾ? ಸೊಪ್ಪು ಅದೇ ಅಲ್ವಾ?"

ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಶುರು ಮಾಡಿದ್ದು 1984ರಲ್ಲಿ. ಅದಕ್ಕೆ ಮುಂಚೆ ವ್ಯಾಪಾರಿ ಹೇಳಿದ್ದೇ ರೇಟು ಅಂತ ಅಪ್ಪ ಹೇಳ್ತಿದ್ದರು. ಹರಾಜು ಬಂದ ಮೇಲೆ ಕೊಳ್ಳೋರು ನಮ್ಮ ಬಾಗಿಲಿಗೆ ಬಂದರು. ಬೇಲಿನ ಮುಂದೆ ನಿಂತು ಸೊಪ್ಪು ನೋಡ್ತಾರೆ, ಇದು ಯಾರ ಮನೆಯ ಬ್ಯಾರನ್ನು ಅಂತ ಕೇಳಲ್ಲ.

"ಕಾಲೇಜು ಹಂಗಲ್ಲ ಅಣ್ಣ," ಅಂದೆ. "ಕಾಲೇಜಲ್ಲಿ ಕೊಳ್ಳೋರು ಎಲ್ಲಾ ಪ್ಲಾಟ್‌ಫಾರಂಗೂ ಬರಲ್ಲ. ನಾಲ್ಕೋ ಐದೋ ಕಡೆ ಹೋಗ್ತಾರೆ, ಮಿಕ್ಕಿದ ಕಡೆ ಸೊಪ್ಪು ಎಷ್ಟೇ ಚೆನ್ನಾಗಿರಲಿ ತಿರುಗಿ ನೋಡಲ್ಲ."

ಇದು ಸತ್ಯ, ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಬಿ.ಕಾಂ ಹಂತದಲ್ಲೇ ನಿಜವಾದ ಬ್ಯಾಂಕಿಂಗ್ ಕೆಲಸಕ್ಕೆ ಹುಡುಗರನ್ನ ಆರಿಸೋಕೆ ಕಂಪನಿಗಳು ಹೋಗೋದು ದೆಹಲಿಯ ಶ್ರೀರಾಮ್ ಕಾಮರ್ಸ್ ಕಾಲೇಜಿನಂಥ ಬೆರಳೆಣಿಕೆ ಜಾಗಗಳಿಗೆ. ಹಾಗಾಗಿ ಯಾವ ಕಾಲೇಜು ಅನ್ನೋದು ಖಂಡಿತ ಲೆಕ್ಕಕ್ಕೆ ಬರುತ್ತೆ. ಆದರೆ ಅಲ್ಲಿಗೆ ಮೊದಲ ವರ್ಷವೇ ಸೇರಿರಬೇಕು. ಬೆಳೆ ಮಧ್ಯದಲ್ಲಿ ಪ್ಲಾಟ್‌ಫಾರಂ ಬದಲಿಸಿದ ಹಾಗೆ ನಡುವೆ ನುಗ್ಗಿದರೆ ಸಿಗೋದು ಆ ಕಾಲೇಜಿನ ಹೆಸರು, ಅಲ್ಲಿಯ ಮೂರು ವರ್ಷ ಅಲ್ಲ. ಅಮೆರಿಕದಲ್ಲಿ ಎರಡು ವರ್ಷ ಸಣ್ಣ ಕಾಲೇಜಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗ ಆಗೋದು ತುಂಬಾ ಮಾಮೂಲು. ಅಲ್ಲೂ ಇದೇ ಪಾಡು. ನ್ಯೂಯಾರ್ಕಿನ ಬ್ಯಾಂಕುಗಳು ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಎರಡನೇ ವರ್ಷದಲ್ಲೇ ಆಯ್ಕೆ ಶುರು ಮಾಡಿಬಿಡ್ತವೆ. ಮೂರನೇ ವರ್ಷಕ್ಕೆ ಪೆಟ್ಟಿಗೆ ಹೊತ್ತು ಬಂದವನು ಬರೋ ಹೊತ್ತಿಗೆ ಪಂಕ್ತಿ ಎದ್ದಿರುತ್ತೆ.

ಇನ್ನು ನಮ್ಮ ಹುಡುಗ ಹೋಗಬೇಕು ಅಂದುಕೊಂಡಿದ್ದು ಬೇರೆ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಎರಡನೇ ವರ್ಷದಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಡೆಯ ಸಿಲಬಸ್ ತಾಳೆಯಾಗಬೇಕು, ಆಗದ ವಿಷಯಗಳನ್ನ ಮತ್ತೆ ಬರೀಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್ ಆಯ್ತು. ಸಿಲಬಸ್ಸುಗಳು ಹೀಗೆ ಜೋಕಾಲಿ ಆಡುವಾಗ ತಾಳೆ ಹಾಕೋದು ಇನ್ನೂ ಕಷ್ಟ. ಹಾಸ್ಟೆಲ್ ಸೀಟಂತೂ ಹೋದ ಹಾಗೇ.

"ಅಂಗಾರೆ ನಮ್ ಮಕ್ಳಿಗೆ ಹರಾಜೇ ಇಲ್ವಾ?" ಅಂದ ಅಣ್ಣ.

ಇದೆ. ನನಗೆ ಅವತ್ತು ಹೊಳೆದಿದ್ದೇ ಅದು. ಯಾರ ಬ್ಯಾರನ್ನು ಅಂತ ಕೇಳದ ಹರಾಜುಗಳು ಎರಡಿವೆ. ಒಂದು ಸಿಎ. ಬಿ.ಕಾಂನಲ್ಲಿ ಶೇಕಡ 55 ಬಂದರೆ ಮೊದಲ ಮೆಟ್ಟಿಲಾದ ಫೌಂಡೇಶನ್ ಪರೀಕ್ಷೆ ಇಲ್ಲದೆ ನೇರ ಇಂಟರ್‌ಮೀಡಿಯೇಟಿಗೆ ಹೋಗಬಹುದು. ಅದಾದ ಮೇಲೆ ಆರ್ಟಿಕಲ್‌ಶಿಪ್, 2023ರಿಂದ ಮೂರರ ಬದಲು ಎರಡೇ ವರ್ಷ. ಪಾಸಾಗೋದು ಭಾರೀ ಕಷ್ಟ, ನಾನೇ ಎರಡು ಸಲ ಬರೆದು ಬಿಟ್ಟವನು. ಆದರೆ ಪಾಸಾದವನನ್ನ ನೀನು ಬಿ.ಕಾಂ ಎಲ್ಲಿ ಓದಿದೆ ಅಂತ ಕೇಳೋರು ಕಡಿಮೆ. ನನಗೆ ಪರಿಚಯದ ಒಬ್ಬ ಹುಡುಗ ಎಚ್.ಡಿ. ಕೋಟೆ ಕಡೆಯವನು, ಊರ ಹತ್ತಿರದ ಸರ್ಕಾರಿ ಕಾಲೇಜಲ್ಲೇ ಓದಿ, ಮೂರು ಸಲ ಬಿದ್ದು ಎದ್ದು ಸಿಎ ಮುಗಿಸಿದ. ಈಗ ಮುಂಬೈಯಲ್ಲಿ ಕಂಪನಿಗಳಿಗೆ ಬೆಲೆ ಕಟ್ಟೋ ಟೀಮಲ್ಲಿದ್ದಾನೆ. ನಾನು ಮದುವೆ ಮನೆಯಲ್ಲಿ ಹೇಳಿಕೊಂಡ ಕೆಲಸವನ್ನ ಅವನು ನಿಜವಾಗಿ ಮಾಡ್ತಿದ್ದಾನೆ.

ಇನ್ನೊಂದು ಕ್ಯಾಟ್, ಐಐಎಂಗಳ ಪರೀಕ್ಷೆ. ಬರೆಯೋಕೆ ಡಿಗ್ರಿಯಲ್ಲಿ ಶೇಕಡ 50, ಮೀಸಲಾತಿ ಇರುವ ಕೆಲವರಿಗೆ 45 ಇದ್ದರೆ ಸಾಕು. ಆಮೇಲೆ ಸಂದರ್ಶನಕ್ಕೆ ಕರೆಯುವಾಗ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕಗಳನ್ನೂ ನೋಡ್ತಾರೆ. ನಮ್ಮ ಹುಡುಗನ ಹತ್ತಿರ ಇರೋ ಆಸ್ತಿ ಅದೇ ಅಂಕಗಳು. ಕಾಲೇಜು ಬದಲಿಸಿ ನನ್ನ ಹಾಗೆ ಒಂದು ವರ್ಷ ತತ್ತರಿಸಿದರೆ ಇರೋದನ್ನೂ ಕಳಕೊಳ್ತಾನೆ.

ದೊಡ್ಡವರ ಉದಾಹರಣೆ ಕೊಟ್ಟರೆ ಹುಡುಗರಿಗೆ ಬೋರಾಗುತ್ತೆ, ಆದರೂ ಎರಡು ಹೇಳಿದೆ. ನಾರಾಯಣ ಮೂರ್ತಿ ಮೈಸೂರಿನ ಎನ್‌ಐಇಯಲ್ಲಿ 1967ರಲ್ಲಿ ಎಂಜಿನಿಯರಿಂಗ್ ಮುಗಿಸಿ, ಆಮೇಲೆ ಎಂ.ಟೆಕ್‌ಗೆ ಐಐಟಿ ಕಾನ್ಪುರಕ್ಕೆ ಹೋದವರು. ಮಂಗಳೂರಿನ ಕೆ.ವಿ. ಕಾಮತ್ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಅಹಮದಾಬಾದಿನ ಐಐಎಂಗೆ ಹೋಗಿ, 1971ರಲ್ಲಿ ಐಸಿಐಸಿಐ ಸೇರಿ, 1996ರಿಂದ 2009ರವರೆಗೆ ಅದನ್ನ ನಡೆಸಿದರು. ಇಬ್ಬರೂ ದೊಡ್ಡ ಸಂಸ್ಥೆಗೆ ಹೋದರು, ಆದರೆ ಕೈಲಿ ಹಿಡಿದಿದ್ದ ಡಿಗ್ರಿ ಮುಗಿಸಿಕೊಂಡು ಹೋದರು. ಬಸ್ಸು ನಿಂತ ಮೇಲೆ ಇಳಿಯೋದಕ್ಕೂ ಓಡ್ತಿರುವಾಗ ಹಾರೋದಕ್ಕೂ ಇರೋ ವ್ಯತ್ಯಾಸ ಅಷ್ಟೇ.

ಅಣ್ಣನಿಗೆ ನನ್ನ ಕೆಲಸದ ನಿಜ ಇನ್ನೂ ಹೇಳಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಹುಡುಗನಿಗೆ ಮಾತ್ರ. ಬ್ಯಾರನ್ ನೆರಳಲ್ಲಿ ಕೂತು ಅದನ್ನೂ ಹೇಳಿಬಿಟ್ಟೆ. ನಾನು ಬೆಲೆ ಕಟ್ಟೋನಲ್ಲ ಅಣ್ಣ, ಕೊಂಡಿದ್ದು ಮಾರಿದ್ದು ಸರಿಹೋಯ್ತಾ ಅಂತ ನೋಡೋನು.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಂಗಾರೆ ನೀನು ತೂಕದ ಮನೆ ಗುಮಾಸ್ತನಾ?"

"ಊಂ, ಹೆಚ್ಚುಕಮ್ಮಿ ಅದೇ."

ಎಲೆಯಡಿಕೆ ಉಗಿದು ಹೇಳಿದ: "ತೂಕ ಸರಿ ಇಲ್ದೆ ಹರಾಜು ಎಲ್ಲಿ ನಡೀತದೆ ಬುಡು. ಆದ್ರೆ ಇಷ್ಟು ವರ್ಸ ಯಾಕ್ಲಾ ಹೇಳ್ಲಿಲ್ಲ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಇನ್ನೂ ಇದ್ದರೂ ಅವನು ಆ ಮಾತು ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸ್ತು.

ಎಕರೆ ಭೋಗ್ಯಕ್ಕೆ ಹೋಗಲಿಲ್ಲ. ಹುಡುಗ ಹುಣಸೂರಲ್ಲೇ ಬಿ.ಕಾಂ ಮುಗಿಸೋದು ಅಂತಾಯ್ತು. ಆದರೆ ಅವನು ಖುಷಿಯಿಂದ ಒಪ್ಪಿದ ಅಂತ ಬರೆದರೆ ಅದು ನನ್ನ ಇನ್ನೊಂದು ಸುಳ್ಳಾಗುತ್ತೆ. ನನ್ನನ್ನ ಬಸ್‌ಸ್ಟ್ಯಾಂಡಿಗೆ ಬಿಡೋಕೆ ಬಂದವನು ಬೈಕು ನಿಲ್ಲಿಸಿ ಮೆಲ್ಲಗೆ ಒಂದು ಮಾತು ಹೇಳಿದ:

"ನೀವು ಟೀಸಿ ತಗೊಂಡು ಹೋಗಿದ್ದಕ್ಕೇ ತಾನೇ ಚಿಕ್ಕಪ್ಪ, ಇದೆಲ್ಲ ನಿಮಗೆ ಗೊತ್ತಾಗಿದ್ದು?"

ಬಸ್ಸು ಹುಣಸೂರು ದಾಟಿ ಮೈಸೂರು ಬರೋವರೆಗೂ ಆ ಮಾತೇ ತಲೆಯಲ್ಲಿ. ಹೌದಲ್ಲ! ಮೈಸೂರಿನ ಆ ಕಾಲೇಜು ನನಗೆ ಕೆಲಸ ಕೊಡಲಿಲ್ಲ. ಆದರೆ ಒಬ್ಬ ರೂಮ್‌ಮೇಟನ್ನ ಕೊಟ್ಟಿತು, ಇಂಥದ್ದೊಂದು ಲೋಕ ಇದೆ ಅನ್ನೋ ಸುದ್ದಿ ಕೊಟ್ಟಿತು. ಹುಣಸೂರಲ್ಲೇ ಇದ್ದಿದ್ದರೆ ಸಿಎ, ಕ್ಯಾಟ್ ಅನ್ನೋ ಶಬ್ದಗಳೇ ಕಿವಿಗೆ ಬೀಳ್ತಿತ್ತೋ ಇಲ್ವೋ. ಹಳ್ಳಿ ಹುಡುಗರಿಗೆ ದೊಡ್ಡ ಕಾಲೇಜಿಂದ ಸಿಗೋ ದೊಡ್ಡ ಲಾಭ ಬಹುಶಃ ಇದೇ, ಪಾಠ ಅಲ್ಲ, ಸುದ್ದಿ. ಆ ಸುದ್ದಿಯನ್ನ ಊರಿಗೆ ತಲುಪಿಸೋ ಕೆಲಸ ನಮ್ಮಂಥ ಹೊರಗೆ ಹೋದವರದ್ದಾಗಿತ್ತು. ನಾನು ಹದಿನೈದು ವರ್ಷ ತಲುಪಿಸಿದ್ದು ಬರೀ ಜಂಬ.

ಹಾಗಾಗಿ ಈಗ ಪ್ರತಿ ಭಾನುವಾರ ಸಂಜೆ ಫೋನಲ್ಲಿ ಒಂದು ಗಂಟೆ ಅವನ ಜೊತೆ ಕೂರ್ತೀನಿ. ಇಂಗ್ಲಿಷ್ ಪೇಪರಿನ ಸಂಪಾದಕೀಯ ಅವನು ಓದಬೇಕು, ಅರ್ಥ ಹೇಳಬೇಕು. ಕ್ಯಾಟ್‌ನಲ್ಲಿ ನಮ್ಮ ಕಡೆ ಹುಡುಗರು ಜಾರೋದೇ ಇಂಗ್ಲಿಷಲ್ಲಿ. ಆಮೇಲೆ ಯಾವುದಾದರೂ ಒಂದು ಕಂಪನಿಯ ಬ್ಯಾಲೆನ್ಸ್ ಶೀಟು ತೆಗೆದು ಇದಕ್ಕೆ ನೀನಾದ್ರೆ ಎಷ್ಟು ಕೊಡ್ತಿದ್ದೆ ಅಂತ ಕೇಳ್ತೀನಿ. ಮೊದಲ ಭಾನುವಾರ ಮುನಿಸಿಕೊಂಡೇ ಮಾತಾಡಿದ. ಮೂರನೇ ಭಾನುವಾರ ಅವನೇ ಫೋನ್ ಮಾಡಿದ. ಹೊಗೆಸೊಪ್ಪಿನ ಮನೆಯವನಲ್ವಾ, ಸರಕು ನೋಡಿ ರೇಟು ಹೇಳೋದು ರಕ್ತದಲ್ಲೇ ಇದೆ. ಕಳೆದ ವಾರ ಒಂದು ಕಂಪನಿ ಬಗ್ಗೆ "ಮೇಲೆ ಒಳ್ಳೇ ಸೊಪ್ಪು ಜೋಡ್ಸಿ ಒಳಗೆ ಕರೀದು ತುಂಬವ್ರೆ ಚಿಕ್ಕಪ್ಪ" ಅಂದ. ಸಾಲದ ಲೆಕ್ಕ ನೋಡಿದೆ, ಹುಡುಗ ಹೇಳಿದ್ದು ಸರಿಯಾಗಿತ್ತು!

ಕೆ.ಆರ್. ನಗರದಲ್ಲಿ ತಂಗಿಯ ಮಗಳು ಪಿಯುಸಿ ಓದ್ತಿದ್ದಾಳೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ರೈಲು ಬರೋದು ಅವಳ ಊರಿಗೆ ಮಾತ್ರ ಅಂತ ರೇಗಿಸ್ತಿರ್ತೀನಿ. ಅವಳಿಗಿನ್ನೂ ಟೈಮಿದೆ. 2022ರಿಂದ ದೆಹಲಿ ವಿಶ್ವವಿದ್ಯಾಲಯದ ಡಿಗ್ರಿ ಸೀಟುಗಳು ಸಿಯುಇಟಿ ಅನ್ನೋ ಪರೀಕ್ಷೆಯ ಮೇಲೆ ಸಿಗ್ತವೆ, ಅದನ್ನ ಕನ್ನಡದಲ್ಲೂ ಬರೀಬಹುದು. ಅವಳಿಗೆ ಇದನ್ನ ಈಗಲೇ ಹೇಳಿದ್ದೀನಿ. ಹೋಗೋದಾದ್ರೆ ಮೊದಲ ವರ್ಷಕ್ಕೇ ಹೋಗಲಿ, ಟೀಸಿ ಹಿಡಕೊಂಡು ನಡುವೆ ಓಡೋದು ಬೇಡ.

ನಾನು ಹುಡುಗನಿಗೆ ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗೋಕೆ ಇನ್ನು ನಾಲ್ಕೈದು ವರ್ಷ ಬೇಕು. ತಪ್ಪಾದರೆ ಬಯ್ಯಿಸಿಕೊಳ್ಳೋಕೆ ಬ್ಯಾರನ್ ಪಕ್ಕದ ಎಕರೆ ಹಾಗೇ ಇದೆ, ಅಲ್ಲೇ ಹೋಗಿ ನಿಲ್ತೀನಿ.

ನಿಮ್ಮಲ್ಲೂ ಓದಿನ ನಡುವೆ ಕಾಲೇಜು ಬದಲಿಸಿದವರು ಇದ್ದೀರಾ? ಏನು ಸಿಕ್ಕಿತು, ಏನು ಕಳಕೊಂಡ್ರಿ? ಇದ್ದದ್ದು ಇದ್ದ ಹಾಗೇ ಹೇಳಿ. ಭಾನುವಾರ ಹುಡುಗನಿಗೆ ಓದಿಸ್ತೀನಿ.